‘ನೋಡಾನ ಬುಡಿ’ ಎನ್ನುವ ಮತದಾರರ ಮನೆಗೆ ಹೋಗುವವರಿಗೆ: ಚುನಾವಣಾ ಸ್ವಯಂಸೇವಕರ ಮಾರ್ಗದರ್ಶಿ

ಚುನಾವಣೆ ಹತ್ತಿರವಾದಾಗಲೆಲ್ಲ ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯ ಓದುಗರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಾರೆ. ಒಬ್ಬ ಅಭ್ಯರ್ಥಿಯನ್ನು ಮನಸಾರೆ ಒಪ್ಪಿದ್ದೇನೆ, ಪಕ್ಷದಲ್ಲಿ ನನಗೆ ಯಾವ ಹುದ್ದೆಯೂ ಇಲ್ಲ, ಖರ್ಚು ಮಾಡಲು ಹಣವೂ ಇಲ್ಲ. ಇನ್ನೂ ತೀರ್ಮಾನ ಮಾಡದವರನ್ನು ಒಲಿಸಲು ನಾನು ಏನು ಮಾಡಬಹುದು ಎಂಬುದು ಆ ಪ್ರಶ್ನೆ. ಈ ಬರಹ ಅದಕ್ಕೆ ಉತ್ತರ. ನೀವು ಯಾವ ಪಕ್ಷದವರು ಎಂಬುದು ಇಲ್ಲಿ ಮುಖ್ಯವಲ್ಲ, ಏಕೆಂದರೆ ಕೆಲಸದ ರೀತಿ ಎಲ್ಲರಿಗೂ ಒಂದೇ.

ಒಬ್ಬಿಬ್ಬರನ್ನು ಒಲಿಸಿ ಏನು ಪ್ರಯೋಜನ ಎಂದು ಕೇಳುವವರಿಗೆ ನಮ್ಮ ಸೀಮೆಯ ಎರಡು ಲೆಕ್ಕಗಳು ಸಾಕು. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಗೆದ್ದದ್ದು ಒಂದೇ ಒಂದು ಮತದಿಂದ. 2006ರ ಡಿಸೆಂಬರಿನಲ್ಲಿ ಇಡೀ ರಾಜ್ಯ ಕಣ್ಣಿಟ್ಟಿದ್ದ ಚಾಮುಂಡೇಶ್ವರಿ ಉಪಚುನಾವಣೆಯಲ್ಲಿ ಸಿದ್ದರಾಮಯ್ಯನವರ ಅಂತರ 257 ಮತ. ಒಂದು ಊರಿನ ಎರಡು ಬೀದಿಗಳಲ್ಲಿ ಅಷ್ಟು ಮತಗಳಿರುತ್ತವೆ.

ಕೆಲಸಕ್ಕೆ ಇಳಿಯುವ ಮೊದಲು ‘ನೋಡಾನ ಬುಡಿ’ ಎಂಬ ಮಾತನ್ನು ಬಿಡಿಸಿ ನೋಡಬೇಕು, ಏಕೆಂದರೆ ಹೊಸಬರು ಎಡವುವುದು ಇಲ್ಲಿಯೇ. ನಮ್ಮ ಕಡೆ ಮನೆ ಬಾಗಿಲಿಗೆ ಬಂದವರಿಗೆ ‘ನಿಮಗೆ ಹಾಕುವುದಿಲ್ಲ’ ಎಂದು ಮುಖದ ಮೇಲೆ ಹೇಳುವುದು ಮರ್ಯಾದೆಯಲ್ಲ. ಹೀಗಾಗಿ ಆಗಲೇ ಎದುರಾಳಿಗೆ ಮನಸ್ಸು ಕೊಟ್ಟವರೂ ಈ ಮಾತನ್ನೇ ಆಡುತ್ತಾರೆ, ಮತಗಟ್ಟೆಗೇ ಹೋಗದಿರಲು ನಿಶ್ಚಯಿಸಿದವರೂ ಇದನ್ನೇ ಆಡುತ್ತಾರೆ, ಮನೆಯ ಹಿರಿಯರೋ ಊರಿನ ಯಜಮಾನರೋ ಏನು ಹೇಳುತ್ತಾರೆಂದು ಕಾಯುತ್ತಿರುವವರೂ ಇದನ್ನೇ ಆಡುತ್ತಾರೆ. ನಿಜವಾಗಿ ತೂಗಿ ನೋಡುತ್ತಿರುವವರು ಇವರ ನಡುವೆ ಸೇರಿಕೊಂಡಿರುತ್ತಾರೆ. ನಿಮ್ಮ ಮೊದಲ ಭೇಟಿಯ ಗುರಿ ಯಾರ ಮನಸ್ಸನ್ನೂ ಬದಲಿಸುವುದಲ್ಲ, ಈ ನಾಲ್ವರಲ್ಲಿ ಎದುರಿಗಿರುವವರು ಯಾರೆಂದು ತಿಳಿಯುವುದು. ಮನಸ್ಸು ಬದಲಾಗುವುದಾದರೆ ಅದು ಎರಡನೇ ಭೇಟಿಯಲ್ಲಿ.

ನಿರೀಕ್ಷೆಯನ್ನೂ ಅಳತೆಯಲ್ಲಿ ಇಟ್ಟುಕೊಳ್ಳಿ. ಅಮೆರಿಕದ ಸಂಶೋಧಕರಾದ ಜೋಶುವಾ ಕಲ್ಲಾ ಮತ್ತು ಡೇವಿಡ್ ಬ್ರೂಕ್‌ಮನ್ ಅವರು 49 ಕ್ಷೇತ್ರ ಪ್ರಯೋಗಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿನ ಸಾರ್ವತ್ರಿಕ ಚುನಾವಣೆಗಳಲ್ಲಿ ಮಾಮೂಲಿ ಪ್ರಚಾರದಿಂದ ಮತದಾರರ ಆಯ್ಕೆ ಬದಲಾಗುವ ಪ್ರಮಾಣ ಸರಾಸರಿಯಲ್ಲಿ ಹೆಚ್ಚುಕಡಿಮೆ ಸೊನ್ನೆ. ಇದೇ ಇಬ್ಬರು 2016ರಲ್ಲಿ ಪ್ರಕಟಿಸಿದ್ದ ಇನ್ನೊಂದು ಅಧ್ಯಯನದಲ್ಲಿ, ಚುನಾವಣೆಯ ವಿಷಯವಲ್ಲದಿದ್ದರೂ, ಮನೆ ಬಾಗಿಲಲ್ಲಿ ಸುಮಾರು ಹತ್ತು ನಿಮಿಷ ಆಡಿದ ಮಾತು ಜನರ ಪೂರ್ವಗ್ರಹವನ್ನು ತಗ್ಗಿಸಿ, ಆ ಬದಲಾವಣೆ ಕನಿಷ್ಠ ಮೂರು ತಿಂಗಳು ಉಳಿದದ್ದು ಕಂಡುಬಂದಿತ್ತು. ಅಲ್ಲಿ ಬಾಗಿಲಿಗೆ ಹೋದವರು ವಾದ ಮಾಡಿರಲಿಲ್ಲ. ಎದುರಿನವರಿಗೆ ತಮ್ಮದೇ ಅನುಭವವನ್ನು ನೆನಪಿಸಿಕೊಂಡು ಹೇಳಲು ಬಿಟ್ಟಿದ್ದರು. ಅಲ್ಲಿನ ಮತದಾರರೇ ಬೇರೆ, ನಮ್ಮವರೇ ಬೇರೆ ಎಂಬುದು ನಿಜ. ಆದರೂ ಕರಪತ್ರ ಕೈಗಿಟ್ಟು ಮುಂದಿನ ಮನೆಗೆ ಓಡುವುದಕ್ಕೂ ಜಗಲಿಯ ಮೇಲೆ ಕುಳಿತು ಕೇಳಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಎರಡು ಕಡೆಯೂ ಒಂದೇ ಎಂದು ನನ್ನ ತಿಳಿವಳಿಕೆ.

1. ಅನುಮತಿಯನ್ನು ಲಿಖಿತವಾಗಿ ಪಡೆಯಿರಿ

ಸ್ವಂತ ಇಚ್ಛೆಯಿಂದ ದುಡಿಯುವವರಿಗೂ ಕಾನೂನು ಅನ್ವಯಿಸುತ್ತದೆ. ಅಭ್ಯರ್ಥಿಯ ಲಿಖಿತ ಅಧಿಕಾರವಿಲ್ಲದೆ ಅವರ ಪರವಾಗಿ ಸಭೆ, ಜಾಹೀರಾತು, ಕರಪತ್ರ ಮುಂತಾದವುಗಳಿಗೆ ಹಣ ಖರ್ಚು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 176ನೇ ಕಲಮಿನ ಪ್ರಕಾರ ಅಪರಾಧ. ಅಧಿಕಾರವಿಲ್ಲದೆ ಮಾಡಿದ ಖರ್ಚು ಹತ್ತು ರೂಪಾಯಿ ಮೀರದಿದ್ದರೆ, ಹತ್ತು ದಿನದೊಳಗೆ ಅಭ್ಯರ್ಥಿಯ ಲಿಖಿತ ಒಪ್ಪಿಗೆ ಪಡೆಯಲು ಅವಕಾಶವಿದೆ. ಹತ್ತು ರೂಪಾಯಿಗೆ ಇಂದು ಎಷ್ಟು ಟೀ ಬರುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಿ. ಆದ್ದರಿಂದ ಅಭ್ಯರ್ಥಿಯ ಚುನಾವಣಾ ಏಜೆಂಟರನ್ನು, ಅಂದರೆ ಅಭ್ಯರ್ಥಿಯ ಪರವಾಗಿ ಲೆಕ್ಕಪತ್ರ ಮತ್ತು ವ್ಯವಹಾರ ನೋಡಿಕೊಳ್ಳಲು ನೇಮಕಗೊಂಡವರನ್ನು, ಮೊದಲೇ ಕಂಡು ಒಂದು ಪತ್ರ ಪಡೆದುಕೊಳ್ಳಿ.

ನೀವು ಸರ್ಕಾರಿ ನೌಕರರಾಗಿದ್ದರೆ ಈ ಕೆಲಸ ನಿಮ್ಮದಲ್ಲ. ಗ್ರಾಮ ಪಂಚಾಯಿತಿ ಚುನಾವಣೆಗಾಗಿ ದುಡಿಯುವವರು, ಕರ್ನಾಟಕದಲ್ಲಿ ಅದು ಪಕ್ಷರಹಿತವಾಗಿ ನಡೆಯುತ್ತದೆ, ನಡೆಸುವುದು ರಾಜ್ಯ ಚುನಾವಣಾ ಆಯೋಗ ಎಂಬುದನ್ನು ಗಮನದಲ್ಲಿಟ್ಟುಕೊಳ್ಳಿ. ಇಲ್ಲಿ ಹೇಳಿರುವ ಕಾನೂನು ವಿವರಗಳು ವಿಧಾನಸಭೆ ಮತ್ತು ಲೋಕಸಭೆ ಚುನಾವಣೆಗಳಿಗೆ ಸಂಬಂಧಿಸಿದವು.

2. ಮತದಾರರ ಪಟ್ಟಿಯನ್ನು ಮನೆ ಮನೆಯಾಗಿ ಓದಿ

ಪ್ರತಿ ಮತಗಟ್ಟೆಗೂ ಒಂದು ಭಾಗ ಸಂಖ್ಯೆ, ಪಟ್ಟಿಯ ಪ್ರತಿ ಹೆಸರಿಗೂ ಒಂದು ಕ್ರಮ ಸಂಖ್ಯೆ ಇರುತ್ತದೆ. ನಿಮ್ಮ ಭಾಗದ ಪಟ್ಟಿಯನ್ನು ಮುಖ್ಯ ಚುನಾವಣಾಧಿಕಾರಿಯವರ ಜಾಲತಾಣದಿಂದ ಇಳಿಸಿಕೊಂಡು, ಮುದ್ರಿಸಿ, ಊರಿನ ವಿಷಯ ಚೆನ್ನಾಗಿ ಬಲ್ಲ ಒಬ್ಬರೊಡನೆ ಕುಳಿತು ಪೆನ್ಸಿಲಿನಲ್ಲಿ ಗುರುತು ಹಾಕಿ: ತೀರಿಹೋದವರು, ಮದುವೆಯಾಗಿ ಹೋದವರು, ಬೆಂಗಳೂರಿನಲ್ಲಿ ಕೆಲಸದಲ್ಲಿರುವವರು, ಹದಿನೆಂಟು ತುಂಬಿಯೂ ಹೆಸರು ಸೇರದವರು. ಜೊತೆಗೆ ಹಿಂದಿನ ಚುನಾವಣೆಯ ನಮೂನೆ 20 ಎಂಬ ದಾಖಲೆಯನ್ನೂ ನೋಡಿ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಎಂಬುದು ಅದರಲ್ಲಿ ಇರುತ್ತದೆ. ಊರಿನವರು ‘ಇದು ಇಂಥವರ ಕೋಟೆ’ ಎಂದು ಹೇಳುವ ಮತಗಟ್ಟೆಯ ಅಂಕಿಗಳು ಎಷ್ಟೋ ಸಲ ಬೇರೆಯೇ ಕಥೆ ಹೇಳುತ್ತವೆ.

ಹೆಸರು ಸೇರಿಸಲು ನಮೂನೆ 6, ವಿಳಾಸ ಬದಲಾವಣೆ ಮತ್ತು ತಿದ್ದುಪಡಿಗೆ ನಮೂನೆ 8 ಬೇಕು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಪಟ್ಟಿಗೆ ಹೊಸ ಹೆಸರು ಸೇರುವುದಿಲ್ಲ, ಅರ್ಜಿಯ ಪರಿಶೀಲನೆಗೂ ದಿನಗಳು ಹಿಡಿಯುತ್ತವೆ. ಹೀಗಾಗಿ ಚುನಾವಣೆ ಘೋಷಣೆಯಾಗುವ ಮೊದಲೇ ಬಿಎಲ್‌ಒ ಅವರನ್ನು, ಅಂದರೆ ಪಟ್ಟಿಯ ಹೊಣೆ ಹೊತ್ತ ಮತಗಟ್ಟೆ ಮಟ್ಟದ ಅಧಿಕಾರಿಯನ್ನು, ಭೇಟಿ ಮಾಡಿಸಿ. ಒಬ್ಬ ಹುಡುಗಿಯ ಹೆಸರು ಪಟ್ಟಿಗೆ ಸೇರುವಂತೆ ನೀವು ಓಡಾಡಿದ್ದರೆ, ಮುಂದೆ ಆ ಮನೆಯಲ್ಲಿ ನಿಮ್ಮ ಪರಿಚಯ ಹೇಳಿಕೊಳ್ಳುವ ಅಗತ್ಯ ಬೀಳುವುದಿಲ್ಲ.

3. ಮೂವತ್ತು ಮನೆ ಸಾಕು

ಇಡೀ ಊರನ್ನು ಒಬ್ಬರೇ ಹೊತ್ತುಕೊಳ್ಳಬೇಡಿ. ಮೂವತ್ತು ಮನೆಗಳಿಗೆ ಮೂರು ಸಲ ಹೋಗುವುದು ತೊಂಬತ್ತು ಮನೆಗಳಿಗೆ ಒಂದು ಸಲ ಹೋಗುವುದಕ್ಕಿಂತ ಎಷ್ಟೋ ಮೇಲು. ಇಬ್ಬರಾಗಿ ಹೋಗಿ, ಸಾಧ್ಯವಾದರೆ ಒಬ್ಬರು ಹೆಣ್ಣುಮಕ್ಕಳಿರಲಿ. ಹದಿನೈದು ಜನ ಹೆಗಲಿಗೆ ಪಕ್ಷದ ಶಾಲು ಹಾಕಿಕೊಂಡು, ಮುಂದೆ ತಮಟೆ ಬಾರಿಸಿಕೊಂಡು ಬಂದರೆ ಮನೆಯವರು ಕೈ ಮುಗಿದು ನಗುತ್ತಾರೆಯೇ ಹೊರತು ಬಾಯಿ ಬಿಡುವುದಿಲ್ಲ. ಅದು ಮೆರವಣಿಗೆ, ಅದಕ್ಕೆ ಅದರದೇ ಉಪಯೋಗವಿದೆ, ನಿಮ್ಮ ಕೆಲಸ ಬೇರೆ.

4. ಹೊತ್ತು ನೋಡಿ ಹೋಗಿ

ಮಂಡ್ಯದ ಹಳ್ಳಿಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಡೈರಿಗೆ ಹಾಲು ಹಾಕುವ ಹೊತ್ತು ಎಲ್ಲರೂ ಸಿಗುವ ಹೊತ್ತು, ಆದರೆ ಮಾತಾಡುವ ಹೊತ್ತಲ್ಲ. ಕ್ಯಾನು ಹಿಡಿದು ಸರದಿಯಲ್ಲಿ ನಿಂತವರಿಗೆ ನಮಸ್ಕಾರ ಹೇಳಿ, ಸಂಜೆ ಮನೆಗೆ ಬರಲೇ ಎಂದು ಕೇಳಿ, ಅಷ್ಟಕ್ಕೆ ಬಿಡಿ. ಹಾಲು ಹಾಕಿ ಬಂದು, ದನಕ್ಕೆ ಮೇವು ಹಾಕಿ, ಮುದ್ದೆಗೆ ಎಸರಿಡುವುದರ ನಡುವಿನ ಅರ್ಧ ಗಂಟೆ ಎಲ್ಲಕ್ಕಿಂತ ಒಳ್ಳೆಯದು. ಧಾರಾವಾಹಿ ಶುರುವಾದ ಮೇಲೆ ಬಾಗಿಲು ತಟ್ಟಿದವರನ್ನು ಯಾರೂ ಮನಸಾರೆ ಬರಮಾಡಿಕೊಳ್ಳುವುದಿಲ್ಲ. ಈಚಿನ ವಿಧಾನಸಭೆ ಮತ್ತು ಲೋಕಸಭೆ ಚುನಾವಣೆಗಳು ಏಪ್ರಿಲ್, ಮೇ ತಿಂಗಳಲ್ಲಿ ಬಂದಿರುವುದರಿಂದ ಯುಗಾದಿಯೂ ಊರಹಬ್ಬಗಳೂ ನಡುವೆ ಬೀಳುತ್ತವೆ. ಹೊಸತೊಡಕಿನ ದಿನ ದಯವಿಟ್ಟು ಯಾರ ಮನೆಗೂ ಹೋಗಬೇಡಿ. ಬಾಡೂಟದ ಮನೆಯಲ್ಲಿ ನೀವು ಮತಯಾಚಕರಲ್ಲ, ನೆಂಟರಾಗಿಬಿಡುತ್ತೀರಿ.

5. ಮೊದಲ ಭೇಟಿ: ಕೇಳುವುದು, ಬರೆದುಕೊಳ್ಳುವುದು

ಯಾರ ಪರವಾಗಿ ಬಂದಿದ್ದೀರಿ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿಬಿಡಿ. ಸಮೀಕ್ಷೆಯ ನೆಪ ಹೇಳಿ ಒಳಗೆ ಕುಳಿತವರ ಬಣ್ಣ ಊರಿನಲ್ಲಿ ಸಂಜೆಯೊಳಗೆ ಬಯಲಾಗುತ್ತದೆ. ಆಮೇಲೆ ಒಂದು ಪ್ರಶ್ನೆ ಕೇಳಿ ಸುಮ್ಮನಾಗಿ. ಮಾತು ಹೇಗೆ ಸಾಗಬಹುದು ಎಂಬುದಕ್ಕೆ ಒಂದು ಮಾದರಿ ಕೊಡುತ್ತೇನೆ.

“ಅಕ್ಕ, ನಾವು ಡೈರಿ ಹಿಂದಿನ ಬೀದಿಯವರು. ಇಂಥವರ ಪರವಾಗಿ ಬಂದಿದ್ದೀವಿ, ಆದ್ರೆ ಇವತ್ತು ವೋಟು ಕೇಳಲ್ಲ. ಗೆದ್ದು ಬಂದೋರು ನಮ್ಮೂರಿಗೆ ಮೊದಲು ಏನು ಮಾಡ್ಬೇಕು ಅಂತೀರಿ?”

“ಯಾರ್ ಬಂದ್ರೂ ಅಷ್ಟೇಯ ಕಣಪ್ಪ. ನೋಡಾನ ಬುಡಿ.”

“ಹೋದ ಸಲ ವೋಟು ಹಾಕ್ದಾಗ ಏನಾದ್ರೂ ಆಗ್ತದೆ ಅನ್ಕೊಂಡಿದ್ರಾ?”

“ನೀರು ಬತ್ತದೆ ಅನ್ಕಂಡಿದ್ದೋ. ನಮ್ದು ನಾಲೆ ಕೊನೆ. ಮೇಲಿನೋರ್ದು ಮುಗ್ದು ನಮ್ಗೆ ಬರೋ ಹೊತ್ಗೆ ಕಟ್ಟೇ ಮುಗ್ದೋಗಿರ್ತದೆ.”

ಕಟ್ಟು ಎಂದರೆ ನಾಲೆಗೆ ಸರದಿಯಂತೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಪದ್ಧತಿ. ವಿಶ್ವೇಶ್ವರಯ್ಯ ನಾಲೆಯ ಬಯಲಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಹಂತದಲ್ಲಿ ಹೊಸ ಸ್ವಯಂಸೇವಕರು ಮಾಡುವ ತಪ್ಪೆಂದರೆ, ‘ನೀರು’ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ಪ್ರಣಾಳಿಕೆಯ ನೀರಾವರಿ ಪುಟವನ್ನು ಒಪ್ಪಿಸತೊಡಗುವುದು. ಹಾಗೆ ಮಾಡದೆ ಇನ್ನೊಂದು ಪ್ರಶ್ನೆ ಕೇಳಿ: ಹೋದ ಕಟ್ಟಿನಲ್ಲಿ ಎಷ್ಟು ದಿನ ನೀರು ಬಂತು, ಯಾವ ತೂಬಿನಿಂದ, ಯಾರಿಗಾದರೂ ಅರ್ಜಿ ಕೊಟ್ಟಿದ್ದಿರಾ? ಆ ಹೆಣ್ಣುಮಗಳು ಬೆರಳು ಮಡಿಸಿ ದಿನ ಎಣಿಸತೊಡಗಿದರೆ, ಅವರು ಯಾರ ಮೇಲೂ ನಂಬಿಕೆ ಇಲ್ಲದವರಲ್ಲ, ಹಳೆಯ ಲೆಕ್ಕವೊಂದನ್ನು ಇನ್ನೂ ಮುಚ್ಚದೆ ಇಟ್ಟುಕೊಂಡಿರುವವರು ಎಂದು ಅರ್ಥ. ಅಂಥವರೇ ನಿಜವಾಗಿ ತೂಗುತ್ತಿರುವವರು. ‘ಇದನ್ನು ಬರೆದುಕೊಳ್ಳುತ್ತೇನೆ, ಅಭ್ಯರ್ಥಿಯವರನ್ನು ಕೇಳಿ ಮುಂದಿನ ವಾರ ಬಂದು ಹೇಳುತ್ತೇನೆ’ ಎಂದಷ್ಟೇ ಹೇಳಿ ಎದ್ದುಬಿಡಿ.

ಇಲ್ಲಿ ಮೂರು ಎಚ್ಚರಿಕೆಗಳಿವೆ. ಎದುರಾಳಿ ಪಕ್ಷವನ್ನು ಅವರು ಹೊಗಳಿದರೆ ತಿದ್ದಲು ಹೋಗಬೇಡಿ. ‘ಅದರಲ್ಲಿ ನಿಮಗೆ ಏನು ಹಿಡಿಸಿತು’ ಎಂದು ಕೇಳಿದರೆ ಅವರ ಅಳತೆಗೋಲು ಯಾವುದೆಂದು ನಿಮಗೆ ತಿಳಿಯುತ್ತದೆ. ಮನೆಯ ಯಜಮಾನರೊಡನೆ ಮಾತ್ರ ಮಾತಾಡಿ ಬರಬೇಡಿ. ಸ್ತ್ರೀಶಕ್ತಿ ಸಂಘದ ಸಾಲದ ಕಂತು, ಗಾರ್ಮೆಂಟ್ಸಿಗೆ ಹೋಗುವ ಮಗಳ ಬಸ್ಸು, ಇವು ಒಳಮನೆಯ ವಿಷಯಗಳಾದರೂ ಮತವನ್ನು ತೀರ್ಮಾನಿಸುವುದು ಎಷ್ಟೋ ಮನೆಗಳಲ್ಲಿ ಇವೇ. ಮೂರನೆಯದಾಗಿ, ಮಾತಿನ ಮಧ್ಯೆ ಮೊಬೈಲ್ ತೆಗೆದು ಫೋಟೊ ಹಿಡಿಯಬೇಡಿ. ಪಕ್ಷದ ವಾಟ್ಸಾಪ್ ಗುಂಪಿಗೆ ‘ಪ್ರಚಾರ ಭರದಿಂದ ಸಾಗಿದೆ’ ಎಂದು ಹಾಕುವ ಆ ಚಿತ್ರ, ಆ ಮನೆಯವರನ್ನು ಊರಿನ ಮುಂದೆ ಒಂದು ಕಡೆಯವರೆಂದು ಸಾರಿಬಿಡುತ್ತದೆ. ಅದೇ ಭಯಕ್ಕೆ ಅವರು ‘ನೋಡಾನ ಬುಡಿ’ ಎಂದಿರುತ್ತಾರೆ.

6. ಪುಸ್ತಕ ಇಡುವುದು

ಇಪ್ಪತ್ತು ರೂಪಾಯಿಯ ಗೆರೆ ಪುಸ್ತಕವೊಂದು ಸಾಕು. ಒಂದು ಮನೆಗೆ ಒಂದು ಪುಟ: ಕ್ರಮ ಸಂಖ್ಯೆಗಳು, ಹೋದ ದಿನಾಂಕ, ಯಾರು ಮಾತಾಡಿದರು, ಅವರ ಮಾತಿನಲ್ಲೇ ಹೇಳಿದ ಒಂದು ವಾಕ್ಯ, ನೀವು ತಂದುಕೊಡುತ್ತೇನೆಂದ ಮಾಹಿತಿ. ಕೊನೆಯಲ್ಲಿ ಒಂದು ಗುರುತು: ನಮ್ಮವರು, ಅವರವರು, ತೂಗುತ್ತಿರುವವರು, ಬರದಿರುವವರು. ಅನುಮಾನವಿದ್ದಲ್ಲಿ ‘ನಮ್ಮವರು’ ಎಂದು ಬರೆಯಬೇಡಿ. ನಾನು ಮೊದಲ ಸಲ ಈ ಕೆಲಸ ಮಾಡಿದಾಗ ಟೀ ಕೊಟ್ಟ ಮನೆಗಳನ್ನೆಲ್ಲ ನಮ್ಮವರ ಲೆಕ್ಕಕ್ಕೆ ಹಾಕಿದ್ದೆ. ಎಣಿಕೆಯಾದ ಮೇಲೆ ಮತಗಟ್ಟೆಯ ಅಂಕಿ ನೋಡಿದಾಗ, ನಮ್ಮ ಕಡೆ ಟೀ ಎಲ್ಲರಿಗೂ ಕೊಡುತ್ತಾರೆ ಎಂಬುದು ನೆನಪಾಯಿತು.

ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಗುರುತಿನ ಚೀಟಿಯ ಫೋಟೊ, ಇವು ಯಾವುದನ್ನೂ ಕೇಳಬೇಡಿ. ಗೆದ್ದ ಮೇಲೆ ಯೋಜನೆಯ ಲಾಭ ಕೊಡಿಸುತ್ತೇವೆಂದು ಮತದಾರರ ಹೆಸರು ವಿವರ ತುಂಬಿಸಿಕೊಳ್ಳುವ ಕಾರ್ಡುಗಳನ್ನು ಹಂಚುವುದು ಆಮಿಷಕ್ಕೆ ಸಮ, ಅದನ್ನು ಕೂಡಲೇ ನಿಲ್ಲಿಸಬೇಕು ಎಂದು ಚುನಾವಣಾ ಆಯೋಗ 2024ರ ಮೇ ತಿಂಗಳಲ್ಲಿ ಎಲ್ಲ ಪಕ್ಷಗಳಿಗೂ ಸೂಚಿಸಿದೆ. ಪಕ್ಷದ ಕಚೇರಿಯಿಂದ ಅಂಥ ಕಾರ್ಡುಗಳ ಕಟ್ಟು ನಿಮ್ಮ ಕೈಗೆ ಬಂದರೆ ಅದನ್ನು ಹಾಗೆಯೇ ಹಿಂದಿರುಗಿಸಿ.

7. ಎರಡನೇ ಭೇಟಿ

ಇಡೀ ಕೆಲಸದ ತಿರುಳು ಇದು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಹೇಳಿದ ವಾರದಲ್ಲಿ, ಹೇಳಿದ ಮಾಹಿತಿಯೊಡನೆ ಹೋಗಬೇಕು. ನಾಲೆಯ ಕೊನೆಯ ಭಾಗದ ಪ್ರಶ್ನೆಗೆ ಅಭ್ಯರ್ಥಿ ಕೊಟ್ಟ ಉತ್ತರ ಏನು, ಕಾವೇರಿ ನೀರಾವರಿ ನಿಗಮದ ಯಾವ ಕಚೇರಿಗೆ ಆ ತೂಬು ಸೇರುತ್ತದೆ, ಹಿಂದೆ ಕೊಟ್ಟ ಅರ್ಜಿ ಎಲ್ಲಿದೆ, ಇಷ್ಟನ್ನು ತಿಳಿದುಕೊಂಡು ಹೋದರೂ ಸಾಕು. ಅಭ್ಯರ್ಥಿಯಿಂದ ಉತ್ತರ ಬಂದಿಲ್ಲದಿದ್ದರೆ, ‘ಕೇಳಿದೆ, ಇನ್ನೂ ಹೇಳಿಲ್ಲ’ ಎಂದು ಹೇಳಲಾದರೂ ಹೋಗಿ. ಓಟು ಮುಗಿಯುವವರೆಗೆ ಮತ್ತೆ ಮುಖ ತೋರಿಸದವರನ್ನೇ ನೋಡಿ ಬೇಸತ್ತವರಿಗೆ, ಉತ್ತರವಿಲ್ಲದೆಯೂ ಬಂದು ಹಾಗೆಂದು ಹೇಳಿದವರು ಹೊಸಬರಾಗಿ ಕಾಣುತ್ತಾರೆ.

ಮತ ಕೇಳಬೇಕಾದದ್ದು ಈಗ, ಅದೂ ನೇರವಾಗಿ. ನಿಮ್ಮ ಅಭ್ಯರ್ಥಿಯನ್ನು ನೀವು ಯಾಕೆ ಒಪ್ಪಿದಿರಿ ಎಂಬುದನ್ನು ನಿಮ್ಮದೇ ಅನುಭವದಿಂದ ನಾಲ್ಕು ವಾಕ್ಯಗಳಲ್ಲಿ ಹೇಳಿ. ಪಕ್ಷದ ಸಾಧನೆಯ ಪಟ್ಟಿ ಬೇಡ. ಅಭ್ಯರ್ಥಿಯ ಮೇಲೆ ಮೊಕದ್ದಮೆ ಇದೆಯಂತಲ್ಲ, ಆಸ್ತಿ ಬೆಳೆದಿದೆಯಂತಲ್ಲ ಎಂದು ಕೇಳಿದರೆ ತೇಲಿಸಬೇಡಿ. ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರದಲ್ಲಿ ಇವೆರಡೂ ಇರುತ್ತವೆ, ಅದನ್ನು ಯಾರು ಬೇಕಾದರೂ ಓದಬಹುದು. ನಿಮ್ಮ ಅಭ್ಯರ್ಥಿಯದನ್ನು ನೀವೇ ಮೊದಲು ಓದಿಕೊಂಡಿರಬೇಕು. ಓದಿದ ಮೇಲೂ ಅವರ ಪರವಾಗಿ ಹೋಗಲು ಮನಸ್ಸಿದೆಯೇ ಎಂಬುದು ಆಗಲೇ ಇತ್ಯರ್ಥವಾಗುತ್ತದೆ.

ಮಾತು ಕೊಡಬಹುದಾದದ್ದು ಯಾವುದು, ಕೊಡಬಾರದ್ದು ಯಾವುದು ಎಂಬುದರಲ್ಲಿ ಬಿಗಿಯಾಗಿರಿ. ‘ನಿಮ್ಮ ಮಾತನ್ನು ತಲುಪಿಸುತ್ತೇನೆ’ ಎನ್ನಬಹುದು. ‘ನಿಮ್ಮ ಮಗನಿಗೆ ಕೆಲಸ ಕೊಡಿಸುತ್ತಾರೆ’ ಎನ್ನುವುದು ಆಮಿಷ.

8. ದಾಟಬಾರದ ಗೆರೆಗಳು

ಪ್ರಜಾಪ್ರತಿನಿಧಿ ಕಾಯ್ದೆ 1951ರ 123ನೇ ಕಲಮು ‘ಭ್ರಷ್ಟ ಆಚರಣೆ’ಗಳನ್ನು ಪಟ್ಟಿ ಮಾಡುತ್ತದೆ, ಅಂದರೆ ಸಾಬೀತಾದರೆ ಗೆದ್ದವರ ಆಯ್ಕೆಯೇ ರದ್ದಾಗಬಹುದಾದ ಕೃತ್ಯಗಳು. ಹಣ, ಸೀರೆ, ಕುಕ್ಕರು ಹಂಚುವುದು ಅದರಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಸಿಕ್ಕಿಬೀಳುವುದು ಬೇರೆ ಮೂರರಲ್ಲಿ.

ಮೊದಲನೆಯದು ಆಣೆ. ದೇವರ ಫೋಟೊ ಮುಟ್ಟಿಸಿ, ತೆಂಗಿನಕಾಯಿ ಹಿಡಿಸಿ, ‘ತಪ್ಪಿದರೆ ಸ್ವಾಮಿ ಸುಮ್ಮನೆ ಬಿಡುವುದಿಲ್ಲ’ ಎನ್ನುವುದು ನಮ್ಮ ಕಡೆ ತಮಾಷೆಯಂತೆ ನಡೆದುಬಿಡುತ್ತದೆ. ದೇವರ ಅವಕೃಪೆಯ ಭಯ ಹುಟ್ಟಿಸುವುದನ್ನು ಇದೇ ಕಲಮು ‘ಅನುಚಿತ ಪ್ರಭಾವ’ ಎಂದು ಹೆಸರಿಟ್ಟೇ ಹೇಳುತ್ತದೆ. ಇನ್ನೊಂದೂ ಇದೆ: ಆಣೆ ಹಾಕಿಸಿಕೊಂಡವರು ನಿಮ್ಮನ್ನು ಆಮೇಲೆ ದಾರಿಯಲ್ಲಿ ಕಂಡರೂ ತಪ್ಪಿಸಿಕೊಂಡು ಹೋಗುತ್ತಾರೆ.

ಎರಡನೆಯದು ಜಾತಿ. ‘ನಮ್ಮವರಿಗೇ ಹಾಕೋಣ’ ಎಂಬ ಮಾತು ಮಂಡ್ಯದ ಜಗಲಿಗಳಲ್ಲಿ ಎಷ್ಟು ಸಹಜವಾಗಿ ಬರುತ್ತದೆಂದರೆ ಅದು ಕಾನೂನಿನ ವಿಷಯವೆಂದೇ ಅನ್ನಿಸುವುದಿಲ್ಲ. ಧರ್ಮ, ಜಾತಿ, ಸಮುದಾಯ, ಭಾಷೆಯ ಹೆಸರಿನಲ್ಲಿ ಮತ ಕೇಳುವ ನಿಷೇಧ ಅಭ್ಯರ್ಥಿಯ ಗುರುತಿಗೆ ಮಾತ್ರವಲ್ಲ, ಮತದಾರರ ಗುರುತಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಬಹುಮತದಿಂದ ತೀರ್ಪು ನೀಡಿದೆ.

ಮೂರನೆಯದು ವಾಹನ. ಊರಿನ ಪಟ್ಟಿಯಲ್ಲಿ ಹೆಸರಿದ್ದು ಬೆಂಗಳೂರಿನಲ್ಲಿ ದುಡಿಯುವವರನ್ನು ಕರೆತರಲು ಬಸ್ಸು ಮಾಡುವ ಯೋಚನೆ ಎಲ್ಲರಿಗೂ ಬರುತ್ತದೆ. ಅಭ್ಯರ್ಥಿಯ ಕಡೆಯಿಂದ ಮತದಾರರನ್ನು ಪುಕ್ಕಟೆಯಾಗಿ ಮತಗಟ್ಟೆಗೆ ಸಾಗಿಸುವುದೂ ಭ್ರಷ್ಟ ಆಚರಣೆಯೇ. ನೀವು ಮಾಡಬಹುದಾದದ್ದು ಫೋನು. ಮತದಾನದ ದಿನ ಸಂಬಳಸಹಿತ ರಜೆ ಕೊಡಬೇಕೆಂದು ಇದೇ ಕಾಯ್ದೆಯ 135ಬಿ ಕಲಮು ಹೇಳುತ್ತದೆ. ಅದನ್ನು ತಿಳಿಸಿದರೆ ಮೇಸ್ತ್ರಿಯನ್ನು ಕೇಳಲು ಅವರಿಗೂ ಧೈರ್ಯ ಬರುತ್ತದೆ.

ಕರಪತ್ರ ಹಂಚುವ ಮೊದಲು ಅದರ ಅಡಿಯಲ್ಲಿ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇದೆಯೇ ಎಂದು ನೋಡಿ. ಇಲ್ಲದ್ದನ್ನು ಮುದ್ರಿಸಿದವರಿಗೆ ಆರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

9. ಕೊನೆಯ 48 ಗಂಟೆ ಮತ್ತು ಮತದಾನದ ದಿನ

ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆಗಳಲ್ಲಿ ಸಭೆ, ಮೆರವಣಿಗೆ ನಿಷಿದ್ಧ. ಆ ಅವಧಿಗೆ ಜಿಲ್ಲಾಧಿಕಾರಿಗಳು ಹೊರಡಿಸುವ ನಿಷೇಧಾಜ್ಞೆಯನ್ನು ಓದಿ, ಎಷ್ಟು ಜನ ಒಟ್ಟಿಗೆ ಹೋಗಬಹುದೆಂದು ತಿಳಿದುಕೊಂಡೇ ಹೊರಡಿ. ಊರಿನಲ್ಲಿ ಕವರು ಓಡಾಡುವುದೂ ಇದೇ ರಾತ್ರಿಗಳಲ್ಲಿ. ನೀವು ಕಂಡರೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪಿನಲ್ಲಿ ದೂರು ಕೊಡಬಹುದು, ಸಹಾಯವಾಣಿ 1950ಕ್ಕೆ ಕರೆ ಮಾಡಬಹುದು. ತೂಗುತ್ತಿದ್ದ ಮನೆಯವರು ಎದುರಾಳಿಯ ಹಣ ಪಡೆದರೆಂದು ಕೇಳಿಬಂದರೆ ಜಗಳಕ್ಕೆ ಹೋಗಬೇಡಿ, ಗುರುತನ್ನೂ ಬದಲಿಸಬೇಡಿ. ಮತಯಂತ್ರದ ಮುಂದೆ ಅವರು ಒಬ್ಬರೇ ಇರುತ್ತಾರೆ.

ಮತಗಟ್ಟೆಯ ಸುತ್ತ 100 ಮೀಟರಿನೊಳಗೆ ಮತ ಕೇಳುವಂತಿಲ್ಲ. ಪಕ್ಷದ ಮೇಜೂ ಆ 100 ಮೀಟರಿನಾಚೆಯೇ ಇರಬೇಕು. ಅಲ್ಲಿ ಕೊಡುವ ಚೀಟಿ ಬರಿಯ ಬಿಳಿ ಹಾಳೆಯಾಗಿರಬೇಕು. ಅದರ ಮೇಲೆ ಚಿಹ್ನೆಯಾಗಲಿ, ಪಕ್ಷದ ಅಥವಾ ಅಭ್ಯರ್ಥಿಯ ಹೆಸರಾಗಲಿ ಇರಕೂಡದು. 85 ದಾಟಿದವರಿಗೂ ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೂ ಮನೆಯಲ್ಲೇ ಮತ ಹಾಕುವ ಅವಕಾಶವಿದೆ, ಆದರೆ ಅದಕ್ಕೆ ನಮೂನೆ 12ಡಿ ಅರ್ಜಿಯನ್ನು ಅಧಿಸೂಚನೆಯಾದ ಐದು ದಿನದೊಳಗೆ ಕೊಟ್ಟಿರಬೇಕು. ಮತದಾನದ ಬೆಳಿಗ್ಗೆ ನೆನಪಾದರೆ ಪ್ರಯೋಜನವಿಲ್ಲ. ಆ ದಿನ ನಿಮ್ಮ ಪುಸ್ತಕದಲ್ಲಿ ‘ಬರದಿರುವವರು’ ಎಂಬ ಗುರುತಿರುವ ಮನೆಗಳಿಗೆ ಮಧ್ಯಾಹ್ನದೊಳಗೆ ಒಂದು ಫೋನು ಮಾಡಿ, ಕ್ಯೂ ಚಿಕ್ಕದಿದೆ ಎಂದೋ ನೆರಳಿದೆ ಎಂದೋ ಇದ್ದದ್ದನ್ನು ತಿಳಿಸಿ. ಯಾರಿಗೆ ಹಾಕಿದಿರಿ ಎಂದು ಮಾತ್ರ ಯಾರನ್ನೂ, ಯಾವ ದಿನವೂ ಕೇಳಬೇಡಿ.

ಎಣಿಕೆ ಮುಗಿದ ಮೇಲೆ ಪುಸ್ತಕದಿಂದ ಎರಡು ಪಟ್ಟಿ ತೆಗೆಯಿರಿ. ತೂಬು, ಬಸ್ಸು, ಬೀದಿ ದೀಪದಂತಹ ಊರಿನ ಬೇಡಿಕೆಗಳನ್ನು ಮನೆಯವರ ಹೆಸರಿಲ್ಲದೆ ಒಂದು ಹಾಳೆಯಲ್ಲಿ ಬರೆದು, ಗೆದ್ದವರು ಯಾರೇ ಆಗಿರಲಿ, ಅವರ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ನೀವು ತಂದುಕೊಡುತ್ತೇನೆಂದು ಹೇಳಿ ಇನ್ನೂ ಕೊಡದ ಮಾಹಿತಿಯ ಪಟ್ಟಿ ಇನ್ನೊಂದು; ಸೋತಿದ್ದರೂ ಆ ಮನೆಗಳಿಗೆ ಹೋಗಿ ಮುಗಿಸಿ ಬನ್ನಿ. ಉಳಿದ ಪುಟಗಳಲ್ಲಿ ಯಾರು ಯಾರ ಕಡೆ ಎಂಬ ಗುರುತುಗಳಿವೆಯಲ್ಲ, ಅವನ್ನು ಹರಿದು ನೀರೊಲೆಗೆ ಹಾಕಿ.